ಬಟನ್ ಕಿತ್ತು ಹಿಡಿಕೆ ಇಟ್ಟ ಮೇಲೆ

ಮುಂಬೈನ ವರ್ಲಿಯಲ್ಲಿ 1985ರಿಂದಲೂ ನೆಹರೂ ವಿಜ್ಞಾನ ಕೇಂದ್ರ ಇರುವಾಗ, ಮುಂಬೈ ಪಕ್ಕದ ಡೊಂಬಿವಲಿಯ ಎರಡು ಕೋಣೆಯಲ್ಲಿ ಮಕ್ಕಳಿಗಾಗಿ ನಾವು ನಡೆಸುವ ಇನ್ನೊಂದು ವಿಜ್ಞಾನ ಕೇಂದ್ರ ಯಾಕೆ ಎಂದು ಕೇಳಿದವರೇ ಹೆಚ್ಚು. ಈಗ ಅವರೇ ಮೂರನೆಯ ಕೋಣೆಯ ಕೀಲಿಕೈ ಕೊಟ್ಟಿದ್ದಾರೆ.

ಬಟನ್ ಒತ್ತುವ ಮಾದರಿ ಮಕ್ಕಳ ಕೈಯಲ್ಲಿ ಉಳಿಯುವುದಿಲ್ಲ. ಒತ್ತುತ್ತಾರೆ, ಏನಾಯಿತೆಂದು ನೋಡದೆ ಓಡುತ್ತಾರೆ. ಹಾಗಾಗಿ ಎಲ್ಲದಕ್ಕೂ ಕೈಯಿಂದ ತಿರುಗಿಸುವ ಹಿಡಿಕೆ. ಹಿಡಿಕೆಯಿಂದ ಮೋಟಾರ್ ತಿರುಗಿಸಿ ವಿದ್ಯುತ್ ಹುಟ್ಟಿಸುವ ಮೇಜಿಗೆ ಕಾರಿನ ವೈಪರ್ ಮೋಟಾರ್ ತರಬೇಡಿ. ಗುಜರಿಯಲ್ಲಿ ಅಗ್ಗ, ಆದರೆ ಒಳಗಿನ ವರ್ಮ್ ಗೇರ್ (ಸ್ಕ್ರೂ ಆಕಾರದ ಗೇರು) ಹೊರಗಿನ ದಂಡದಿಂದ ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ. ಕೆಟ್ಟ ಟ್ರೆಡ್‌ಮಿಲ್ಲಿನ ಡಿಸಿ ಮೋಟಾರೇ ಸರಿ. ಕುರ್ಲಾ ಕಡೆ ಸುಮಾರು ಸಾವಿರಕ್ಕೆ ಸಿಕ್ಕಿತ್ತು. ಹಿಡಿಕೆಯ 14 ಇಂಚಿನ ಪುಲ್ಲಿಯಿಂದ ಮೋಟಾರಿನ 2 ಇಂಚಿನದಕ್ಕೆ ವಿ-ಬೆಲ್ಟ್, ಮೇಲೆ ಅಕ್ರಿಲಿಕ್ ಮುಚ್ಚಳ. ಸೈಕಲ್ ಚೈನ್ ಹಾಕಿದರೆ ಎಳೆದಾಟಕ್ಕೆ ಕೊಂಡಿ ಕಳಚುತ್ತದೆ. ಬೆಲ್ಟ್ ತುಸು ಸಡಿಲವಿರಲಿ, ಜಾರುತ್ತದೆ, ಅದೇ ಕ್ಲಚ್. ಮಕ್ಕಳು ಉಲ್ಟಾನೂ ತಿರುಗಿಸುತ್ತಾರೆ, ಯಾವ ಕಡೆ ತಿರುಗಿಸಿದರೂ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಸುವ ಬ್ರಿಜ್ ರೆಕ್ಟಿಫೈಯರ್ ಬೇಕೇ ಬೇಕು. ಒಂದು ಕಡೆ ಎಲ್ಇಡಿ, ಇನ್ನೊಂದು ಕಡೆ ಬೈಕಿನ 12 ವೋಲ್ಟ್, 21 ವ್ಯಾಟ್ ಬಲ್ಬು. ಬಲ್ಬಿಗೆ ಬದಲಿಸಿದ ಕೂಡಲೇ ಹಿಡಿಕೆ ಭಾರವಾಗುತ್ತದೆ, ಹೆಚ್ಚು ವಿದ್ಯುತ್ತಿಗೆ ಹೆಚ್ಚು ಶ್ರಮವೆಂದು ಕೈಗೇ ತಿಳಿಯುತ್ತದೆ, ವಿವರಣೆಯ ಫಲಕವೇ ಬೇಡ. ದೊಡ್ಡ ಹುಡುಗರು ಜೋರು ತಿರುಗಿಸಿ ಬಲ್ಬು ಸುಡುತ್ತಾರೆ. ಎರಡನ್ನು ಸೀರೀಸಿನಲ್ಲಿ (ಒಂದರ ಹಿಂದೆ ಒಂದು) ಹಾಕಿದರೆ ಬೆಳಕು ಮಂಕು, ಆದರೆ ಬಾಳುತ್ತವೆ.

ಒಂದು ಮೇಜಿಗೆ ಏಳೆಂಟು ಸಾವಿರ ತಗಲುತ್ತದೆ, ಅರ್ಧ ವೆಲ್ಡಿಂಗಿಗೂ ಪ್ಲೈವುಡ್ಡಿಗೂ. ಸಾದಾ ಪ್ಲೈ ಒಂದೇ ಮಳೆಗಾಲಕ್ಕೆ ಅಂಚಿನಲ್ಲಿ ಉಬ್ಬಿತು. ನೀರು ತಡೆಯುವ ಮರೀನ್ ಪ್ಲೈಗೆ ಹೆಚ್ಚುಕಡಿಮೆ ಎರಡು ಪಟ್ಟು ಬೆಲೆ, ಕೊಟ್ಟುಬಿಡಿ. ದಾನಿಗಳು ಹೊಸ ಮಾದರಿಯ ಮೇಲೆ ಹೆಸರು ಬರೆಸುತ್ತಾರೆ, ಬೆಲ್ಟಿನ ಮೇಲೆ ಯಾರೂ ಬರೆಸುವುದಿಲ್ಲ. ಆದ್ದರಿಂದ ರಿಪೇರಿಯ ಹಣವನ್ನೂ ಸೇರಿಸಿ ಮೇಜಿನ ಒಂದೂವರೆ ಪಟ್ಟು ಕೇಳುತ್ತೇವೆ. ಇದಕ್ಕೆ ಇಲ್ಲ ಎಂದವರ ಮೇಜು ಬೇಡವೆಂದದ್ದೂ ಉಂಟು.

ಸ್ಥಿರವಿದ್ಯುತ್ತಿನ ಆಟಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಟ್ಟದ ಮೇಲೆ. ಒದ್ದೆ ಗಾಳಿಯಲ್ಲಿ ಉಜ್ಜಿದ ಬಲೂನು ಕಾಗದದ ಚೂರನ್ನೂ ಎಳೆಯುವುದಿಲ್ಲ. ಆ ಜಾಗಕ್ಕೆ ಲೋಲಕಗಳ ಅಲೆ ಬಂತು: ಬೇರೆಬೇರೆ ಉದ್ದಕ್ಕೆ ತೂಗುಬಿಟ್ಟ ಗುಂಡುಗಳು ಒಟ್ಟಿಗೆ ಹೊರಟು, ಅಲೆಯಂತೆ ಚದುರಿ, ನಿಮಿಷಕ್ಕೆ ಮತ್ತೆ ಒಂದೇ ಸಾಲಿಗೆ ಕೂಡುತ್ತವೆ. ನಿಜ ಹೇಳಬೇಕೆಂದರೆ ನಮ್ಮ ಚಪಲಕ್ಕೆ ಮಾಡಿದ್ದು, ಜನ ಸೇರುವುದು ಅದಕ್ಕೇ. 15 ಗುಂಡು. 60 ಸೆಕೆಂಡಿನಲ್ಲಿ ಅತಿ ಉದ್ದದ್ದು 51 ಸಲ ಹೋಗಿ ಬರಬೇಕು, ಮುಂದಿನದು 52, ಹೀಗೆ ಅತಿ ಗಿಡ್ಡದ್ದು 65. ಉದ್ದ ಸುಮಾರು 34.4 ಸೆಂ.ಮೀ.ನಿಂದ 21.2ಕ್ಕೆ ಇಳಿಯುತ್ತದೆ. ಅಳೆಯುವುದು ದಾರದ ಗುಂಟ ಅಲ್ಲ, ಅಡ್ಡಪಟ್ಟಿಯಿಂದ ಗುಂಡಿನ ನಡುವಿಗೆ ನೇರ ಕೆಳಗೆ. ಪ್ರತಿ ಗುಂಡಿಗೂ ‘ವಿ’ ಆಕಾರದಲ್ಲಿ ಎರಡೆಳೆ, ಇಲ್ಲವಾದರೆ ಪಕ್ಕಕ್ಕೆ ಸುತ್ತಿ ಡಿಕ್ಕಿ ಹೊಡೆಯುತ್ತವೆ. ಹತ್ತಿದಾರದ ಉದ್ದ ತೇವಕ್ಕೆ ಬದಲಾಗುತ್ತದೆ, ನೈಲಾನ್ ಭಾರಕ್ಕೆ ಹಿಗ್ಗುತ್ತದೆ. ಹೆಣೆದ ಮೀನುಗಾಳದ ದಾರ ಹಾಕಿ. ಎರಡು ಮಿಲಿಮೀಟರ್ ತಪ್ಪಿದರೂ ನಿಮಿಷದ ಕೊನೆಗೆ ಸಾಲು ಕೂಡುವುದಿಲ್ಲ. ದಾರ ಜಾರದಂತೆ, ಬೇಕೆಂದಾಗ ಕೂದಲೆಳೆಯಷ್ಟು ಇಳಿಸುವಂತೆ ಹಾಕುವ ಗಂಟನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಡೊಂಬಿವಲಿಗೆ ಬಂದರೆ ತೋರಿಸುತ್ತೇವೆ.