ಡಿಗ್ರಿ ಮುಗಿಸದೇ ಸಿಕ್ಕ ಆರ್‌ಎನ್ ಲೈಸೆನ್ಸ್ ಇಟ್ಕೊಂಡು ಕ್ಯಾಲಿಫೋರ್ನಿಯಾದಿಂದ ಟೆಕ್ಸಾಸ್‌ಗೆ: ನನ್ನ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ಇಂಡಿಯಾದಲ್ಲಿ ಜಿಎನ್‌ಎಂ ಇಲ್ಲಾ ಬಿಎಸ್ಸಿ ನರ್ಸಿಂಗ್ ಪೂರ್ತಿ ಮುಗಿಸ್ಕೊಂಡು ಅಮೆರಿಕಾಗೆ ಬಂದವ್ರ ಕಥೆ ಅಲ್ಲ ಇದು, ಅವ್ರದ್ದು ಫಾರಿನ್ ಗ್ರಾಜುಯೇಟ್ ದಾರಿ, ಅದ್ರ ಕಷ್ಟನೇ ಬೇರೆ. ನಾನು ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷದಲ್ಲಿ ಬಿಟ್ಟು ಮದುವೆ ಆಗಿ ಕ್ಯಾಲಿಫೋರ್ನಿಯಾಗೆ ಬಂದವಳು. ಇಲ್ಲಿ ಬಂದ್ಮೇಲೆ ಸಿಎನ್‌ಎ (ನರ್ಸಿಂಗ್ ಸಹಾಯಕಿ), ಆಮೇಲೆ ಎಲ್‌ವಿಎನ್ (ಆರ್‌ಎನ್‌ಗಿಂತ ಒಂದು ಮೆಟ್ಲು ಕೆಳಗಿನ ಲೈಸೆನ್ಸ್ಡ್ ನರ್ಸ್), ಆಮೇಲೆ ಆರ್‌ಎನ್ (ರಿಜಿಸ್ಟರ್ಡ್ ನರ್ಸ್), ಒಂದೊಂದೇ ಮೆಟ್ಲು ಹತ್ತಿದ್ದು. ಆದ್ರೆ ಕೊನೇ ಮೆಟ್ಲು ಹತ್ತೋವಾಗ ಒಂದು ಶಾರ್ಟ್‌ಕಟ್ ಹಿಡ್ದೆ, ಅದ್ರ ಬಗ್ಗೆನೇ ಈ ಬರಹ.

ಕ್ಯಾಲಿಫೋರ್ನಿಯಾದಲ್ಲಿ 30 ಯೂನಿಟ್ ಆಪ್ಷನ್ ಅಂತ ಒಂದಿದೆ. ಎಲ್‌ವಿಎನ್ ಲೈಸೆನ್ಸ್ ಇರೋರು ಪೂರ್ತಿ ನರ್ಸಿಂಗ್ ಡಿಗ್ರಿ ಮಾಡ್ದೆನೇ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮತ್ತೆ ಮೇಲಿನ ಲೆವೆಲ್ ನರ್ಸಿಂಗ್ ಪೇಪರ್‌ಗಳು ಸೇರಿ ಹೆಚ್ಚಂದ್ರೆ 30 ಸೆಮಿಸ್ಟರ್ ಯೂನಿಟ್ (ಕ್ರೆಡಿಟ್) ಮುಗಿಸಿದ್ರೆ ಎನ್‌ಕ್ಲೆಕ್ಸ್ ಆರ್‌ಎನ್, ಅಂದ್ರೆ ಆರ್‌ಎನ್ ಲೈಸೆನ್ಸ್ ಪರೀಕ್ಷೆಗೆ ಕೂರಬಹುದು. ಇಂಗ್ಲಿಷ್ ಪ್ರಬಂಧ, ಸ್ಪೀಚ್, ಸೋಶಿಯಲ್ ಸೈನ್ಸ್ ಇವೆಲ್ಲ ಬೇಡ. ಸಿಗೋದು ಅದೇ ಆರ್‌ಎನ್ ಲೈಸೆನ್ಸ್, ಕೆಲಸನೂ ಅದೇ. ಆದ್ರೆ ಡಿಗ್ರಿ ಸಿಗಲ್ಲ, ಲೈಸೆನ್ಸ್ ಕೊಡೋ ರಾಜ್ಯದ ನರ್ಸಿಂಗ್ ಬೋರ್ಡ್ ದಾಖಲೆಯಲ್ಲಿ ನಾನ್ ಗ್ರಾಜುಯೇಟ್ ಅಂತ ಇರತ್ತೆ, ಆಮೇಲೆ ಡಿಗ್ರಿ ಮಾಡಿದ್ರೂ ಆ ಬೋರ್ಡಲ್ಲಿ ಆ ಸ್ಟೇಟಸ್ ಬದಲಾಗಲ್ಲ. ಬೇರೆ ರಾಜ್ಯಗಳು ಈ ಲೈಸೆನ್ಸ್ ಒಪ್ಪದೇ ಇರಬಹುದು ಅಂತ ಬೋರ್ಡ್‌ನವ್ರೇ ಸ್ಪಷ್ಟವಾಗಿ ಹೇಳಿದಾರೆ. ನಾನು ಓದಿದ್ದೆ, ಓದಿಲ್ಲ ಅಂತ ಸುಳ್ಳು ಹೇಳಲ್ಲ. ಮಗಳಿಗೆ ಆಗ ಎರಡು ವರ್ಷ, ನಾವೆಲ್ಲಿ ಕ್ಯಾಲಿಫೋರ್ನಿಯಾ ಬಿಟ್ಟು ಹೋಗ್ತೀವಿ ಅಂದ್ಕೊಂಡು ಸೈನ್ ಹಾಕ್ದೆ. 2015ರಲ್ಲಿ ಆರ್‌ಎನ್ ಆದೆ.

2022ರ ಬೇಸಿಗೇಲಿ ನಮ್ಮನೆಯವ್ರ ಆಫೀಸು ಟೆಕ್ಸಾಸ್‌ಗೆ ಹೊರಡ್ತು. ಬಂದ್ರೆ ಕೆಲಸ ಇದೆ, ಇಲ್ಲಾಂದ್ರೆ ಇಲ್ಲ. ನಾನು ಏಳು ವರ್ಷ ಆರ್‌ಎನ್ ಆಗಿ ಕೆಲಸ ಮಾಡಿದವಳು, ಚಾರ್ಜ್ ನರ್ಸ್ (ಶಿಫ್ಟ್ ನೋಡ್ಕೊಳ್ಳೋ ನರ್ಸ್) ಬೇರೆ, ಎಂಡಾರ್ಸ್‌ಮೆಂಟ್ ಹಾಕಿದ್ರೆ ಆಯ್ತು ಅಂತ ಧೈರ್ಯವಾಗಿದ್ದೆ. ಎಂಡಾರ್ಸ್‌ಮೆಂಟ್ ಅಂದ್ರೆ ಪರೀಕ್ಷೆ ಮತ್ತೆ ಬರೀದೆ ಒಂದು ರಾಜ್ಯದ ಲೈಸೆನ್ಸ್ ಆಧಾರದ ಮೇಲೆ ಇನ್ನೊಂದು ರಾಜ್ಯದ್ದು ತಗೊಳ್ಳೋದು. ಫಾರಂ ತೆಗೆದು ನೋಡ್ತೀನಿ, ಅಪ್ರೂವ್ಡ್ ನರ್ಸಿಂಗ್ ಪ್ರೋಗ್ರಾಂ ಹೆಸರು, ಗ್ರಾಜುಯೇಷನ್ ದಿನಾಂಕ. ಆ ದಿನಾಂಕದ ಖಾನೆ ಮುಂದೆ ಎಷ್ಟು ಹೊತ್ತು ಕೂತಿದ್ನೋ ಗೊತ್ತಿಲ್ಲ. ನನ್ ಹತ್ರ ಎನ್‌ಕ್ಲೆಕ್ಸ್ ಪಾಸಾದ ದಿನಾಂಕ ಇತ್ತು, ಲೈಸೆನ್ಸ್ ಬಂದ ದಿನಾಂಕ ಇತ್ತು, ಏಳು ವರ್ಷದ ಎಕ್ಸ್‌ಪೀರಿಯನ್ಸ್ ಇತ್ತು, ಗ್ರಾಜುಯೇಟ್ ಆದ ದಿನಾಂಕ ಮಾತ್ರ ಇರಲಿಲ್ಲ, ಆ ಫಾರಂಗೆ ಬೇಕಿದ್ದಿದ್ದು ಅದೊಂದೇ.

ಆಮೇಲೆ ಏನೇನೋ ಸುತ್ತುದಾರಿ ಹುಡುಕಿದೆ. ಕಾಂಪ್ಯಾಕ್ಟ್ ಲೈಸೆನ್ಸ್, ಅಂದ್ರೆ ಒಂದು ರಾಜ್ಯದ್ದು ತಗೊಂಡ್ರೆ 40ಕ್ಕೂ ಹೆಚ್ಚು ಕಡೆ ನಡೆಯೋದು, ಅದು ಆಗತ್ತಾ ಅಂತ ನೋಡ್ದೆ. ಕ್ಯಾಲಿಫೋರ್ನಿಯಾ ಕಾಂಪ್ಯಾಕ್ಟಲ್ಲಿ ಇಲ್ಲವೇ ಇಲ್ಲ, ಇದ್ದಿದ್ರೂ ನನಗೆ ಉಪಯೋಗ ಆಗ್ತಿರಲಿಲ್ಲ, ಯಾಕಂದ್ರೆ ಹಂಗೆ ಹಲವು ರಾಜ್ಯಗಳಲ್ಲಿ ನಡೆಯೋ ಮಲ್ಟಿಸ್ಟೇಟ್ ಲೈಸೆನ್ಸ್‌ಗೂ ಅಪ್ರೂವ್ಡ್ ಪ್ರೋಗ್ರಾಂ ಮುಗಿಸಿರಬೇಕು ಅಂತ ಕಾಂಪ್ಯಾಕ್ಟ್ ಕಾನೂನಲ್ಲೇ ಇದೆ. ಯಾರೋ ವಿಎ ಆಸ್ಪತ್ರೆಗೆ, ಅಂದ್ರೆ ಮಾಜಿ ಸೈನಿಕರ ಆಸ್ಪತ್ರೆಗೆ ಅರ್ಜಿ ಹಾಕು, ಫೆಡರಲ್ ಸರ್ಕಾರದ್ದು, ಅಲ್ಲಿ ಯಾವ ರಾಜ್ಯದ ಲೈಸೆನ್ಸಾದ್ರೂ ನಡೆಯತ್ತೆ ಅಂದ್ರು. ಅದು ನಿಜ. ಆದ್ರೆ ಅವ್ರ ಅರ್ಹತೆ ಪಟ್ಟಿಯಲ್ಲೂ ನರ್ಸಿಂಗ್ ಸ್ಕೂಲಿಂದ ಗ್ರಾಜುಯೇಟ್ ಆಗಿರಬೇಕು ಅಂತ ಇದೆ. ಯಾವ ಬಾಗಿಲು ತಟ್ಟಿದ್ರೂ ಒಳಗಿಂದ ಕೇಳೋದು ಒಂದೇ ಪ್ರಶ್ನೆ.

ನನ್ನನ್ನ ಉಳಿಸಿದ್ದು ಹಳೇ ಎಲ್‌ವಿಎನ್ ಲೈಸೆನ್ಸು. ಆರ್‌ಎನ್ ಆದ್ಮೇಲೂ ನಾನು ಅದನ್ನ ಎರಡು ವರ್ಷಕ್ಕೊಂದ್ಸಲ ರಿನ್ಯೂ ಮಾಡ್ತಾನೇ ಇದ್ದೆ, "ಎರಡೆರಡು ಲೈಸೆನ್ಸ್ ಇಟ್ಕೊಂಡು ಏನ್ ಉಪ್ಪಿನಕಾಯಿ ಹಾಕ್ತೀಯಾ" ಅಂತ ನಮ್ಮನೆಯವ್ರು ಪ್ರತಿ ಸಲ ಗೊಣಗ್ತಿದ್ರು. ದೂರದೃಷ್ಟಿ ಏನೂ ಇರಲಿಲ್ಲ, ಈ ದೇಶದಲ್ಲಿ ನಾನು ಮೊದಲು ಸಂಪಾದಿಸಿದ ನರ್ಸ್ ಲೈಸೆನ್ಸ್ ಅದು, ಬಿಡೋಕೆ ಮನಸ್ಸು ಬರ್ತಿರಲಿಲ್ಲ ಅಷ್ಟೇ. ಎಲ್‌ವಿಎನ್ ಕೋರ್ಸ್ ನಾನು ಪೂರ್ತಿ ಮುಗಿಸಿದ್ದೆ, ಕ್ಯಾಲಿಫೋರ್ನಿಯಾ ಲೆಕ್ಕದಲ್ಲಿ 1530 ಗಂಟೆ, ಅದ್ರಲ್ಲಿ 954 ಗಂಟೆ ಕ್ಲಿನಿಕಲ್, ಸರ್ಟಿಫಿಕೇಟ್ ಇತ್ತು, ದಿನಾಂಕನೂ ಇತ್ತು. ಅಂದ್ರೆ ನನ್ನ ಚಿಕ್ಕ ಲೈಸೆನ್ಸ್ ಗಡಿ ದಾಟತ್ತೆ, ದೊಡ್ಡದು ದಾಟಲ್ಲ. ನಗು ಬಂತು, ಅಳುನೂ ಬಂತು.

ಸರಿ, ಎಲ್‌ವಿಎನ್ ಆಗಿನೇ ಟೆಕ್ಸಾಸ್‌ಗೆ ಎಂಡಾರ್ಸ್‌ಮೆಂಟ್ ಹಾಕಿದೆ. ಆನ್‌ಲೈನ್ ಅರ್ಜಿ, ಬೆರಳಚ್ಚು, ಮತ್ತೆ ಟೆಕ್ಸಾಸ್‌ನ ನರ್ಸಿಂಗ್ ಕಾನೂನಿನ ಮೇಲೆ ಜುರಿಸ್‌ಪ್ರುಡೆನ್ಸ್ ಪರೀಕ್ಷೆ. ಅದು ಪುಸ್ತಕ ನೋಡ್ಕೊಂಡು ಬರೆಯೋ ಪರೀಕ್ಷೆ, ಹಂಗಂತ ಹಗುರವಾಗಿ ತಗೋಬೇಡಿ, ಎಲ್ಲಿ ಏನಿದೆ ಅಂತ ಗೊತ್ತಿಲ್ದೆ ಕೂತ್ರೆ ಪುಟ ತಿರುಗಿಸೋದ್ರಲ್ಲೇ ಟೈಮ್ ಹೋಗತ್ತೆ. ನಾನು ಎಡವಿದ್ದು ಬೇರೆ ಕಡೆ. ಕ್ಯಾಲಿಫೋರ್ನಿಯಾದಲ್ಲಿ ಆರ್‌ಎನ್‌ಗೆ ಒಂದು ಬೋರ್ಡು, ಎಲ್‌ವಿಎನ್‌ಗೆ ಬೇರೆ ಬೋರ್ಡು. ಟೆಕ್ಸಾಸಲ್ಲೂ ಹಂಗೇ ಇತ್ತಂತೆ, 2004ರಲ್ಲಿ ಎರಡನ್ನೂ ಸೇರಿಸಿ ಒಂದು ಮಾಡಿದ್ರು. ನಾನು ಅಭ್ಯಾಸಬಲದಿಂದ ಎಲ್‌ವಿಎನ್ ವೆರಿಫಿಕೇಷನ್ (ಹಳೇ ಲೈಸೆನ್ಸ್ ನಿಜ ಅಂತ ಖಚಿತಪಡಿಸೋ) ರಿಕ್ವೆಸ್ಟನ್ನ ಆರ್‌ಎನ್ ಬೋರ್ಡ್‌ಗೆ ಕಳಿಸಿ, ಯಾಕೆ ಇನ್ನೂ ಬಂದಿಲ್ಲ ಅಂತ ದಿನಾ ಪೋರ್ಟಲ್ ನೋಡ್ಕೊಂಡು ಕೂತಿದ್ದೆ, ಮೂರು ವಾರ ಆದ್ಮೇಲೆ ತಲೆಗೆ ಹೊಳೀತು. ತಪ್ಪು ನಂದೇ.

ಹೊಸ ಲೈಸೆನ್ಸ್ ಬಂದಾಗ ನೋಡಿದ್ರೆ ಅದು ಮಲ್ಟಿಸ್ಟೇಟು. ಎಲ್‌ವಿಎನ್ ಆಗಿ ಅಷ್ಟೂ ಕಾಂಪ್ಯಾಕ್ಟ್ ರಾಜ್ಯಗಳಲ್ಲಿ ಕೆಲಸ ಮಾಡಬಹುದು, ಆರ್‌ಎನ್ ಆಗಿ ಮಾತ್ರ ಕ್ಯಾಲಿಫೋರ್ನಿಯಾ ಒಂದೇ.

ಒಂದು ನರ್ಸಿಂಗ್ ಹೋಮಲ್ಲಿ ನೈಟ್ ಶಿಫ್ಟ್ ಸಿಕ್ತು. ಸಂಬಳ ಕಮ್ಮಿ ಆಗಿದ್ದು ಅಷ್ಟು ಚುಚ್ಚಲಿಲ್ಲ, ಕೈ ಕಟ್ಟಿ ಹಾಕಿದಂಗೆ ಆಗಿದ್ದು ಜಾಸ್ತಿ ಚುಚ್ತು. ಟೆಕ್ಸಾಸಲ್ಲಿ ಎಲ್‌ವಿಎನ್ ಮಾಡೋದು ಫೋಕಸ್ಡ್ ಅಸೆಸ್‌ಮೆಂಟು, ಅಂದ್ರೆ ಪೇಷಂಟ್‌ನ ಸೀಮಿತ ತಪಾಸಣೆ, ಪೂರ್ತಿ ಅಸೆಸ್‌ಮೆಂಟ್ ಆರ್‌ಎನ್‌ದು. ಹೊಸ ಪೇಷಂಟ್ ಬಂದ್ರೆ ಎದೆಗೆ ಸ್ಟೆತ್ ಇಟ್ಟ ತಕ್ಷಣ ನನ್ನ ತಲೆ ಹಳೇ ಚಾಳಿಯಂತೆ ಪೂರ್ತಿ ಕೇರ್ ಪ್ಲ್ಯಾನ್ ಬರೆಯೋಕೆ ಶುರು ಮಾಡೋದು, ಕೈ ಮಾತ್ರ ನಾಲ್ಕು ಸಾಲು ಬರೆದು ನಿಲ್ಲಬೇಕು. ಒಂದು ರಾತ್ರಿ ಮೂರು ಗಂಟೆ ಸುಮಾರಿಗೆ ಹಾಸ್ಪಿಸ್‌ನಲ್ಲಿದ್ದ (ಕೊನೆಗಾಲದ ಆರೈಕೆಯಲ್ಲಿದ್ದ) ಅಜ್ಜಿ ತೀರ್ಕೊಂಡ್ರು. ಉಸಿರು ನಿಂತಿದ್ದು ನೋಡಿದವಳು ನಾನು, ಎದೆ ಮೇಲೆ ಸ್ಟೆತ್ ಇಟ್ಟು ಒಂದು ನಿಮಿಷ ಪೂರ್ತಿ ಕೇಳಿದವಳು ನಾನು, ಆದ್ರೆ ಸಾವನ್ನ ಘೋಷಿಸೋ ಅಧಿಕಾರ ಆ ರಾಜ್ಯದಲ್ಲಿ ಎಲ್‌ವಿಎನ್‌ಗೆ ಇಲ್ಲ. ಆರ್‌ಎನ್ ಬರೋಕೆ ಮುಕ್ಕಾಲು ಗಂಟೆ ಆಯ್ತು. ಅಜ್ಜಿ ಮಗ ಪಕ್ಕದಲ್ಲಿ ಕೂತು ಮತ್ತೆ ಮತ್ತೆ ಕೇಳ್ತಿದ್ರು, ಹೋದ್ರಾ, ಹೋಗ್ಬಿಟ್ರಾ ಅಂತ. ನಾನು ಅವ್ರ ಭುಜದ ಮೇಲೆ ಕೈ ಇಟ್ಕೊಂಡು, ನರ್ಸ್ ಬರ್ತಿದಾರೆ ಅಂದೆ. ನನ್ನ ಬಾಯಿಂದನೇ ಆ ಮಾತು ಬಂತಲ್ಲ ಅಂತ ಬೆಳಗ್ಗೆ ಕಾರಲ್ಲಿ ಕೂತಾಗ ಅನ್ನಿಸ್ತು.

ಮಾರನೇ ವಾರನೇ ಹತ್ರದ ಕಮ್ಯುನಿಟಿ ಕಾಲೇಜಿಗೆ ಹೋದೆ. ಎಲ್‌ವಿಎನ್‌ನಿಂದ ಆರ್‌ಎನ್‌ಗೆ ಟ್ರಾನ್ಸಿಷನ್ ಅಂತ ಇರತ್ತೆ, ಎಡಿಎನ್ (ನರ್ಸಿಂಗ್ ಅಸೋಸಿಯೇಟ್) ಡಿಗ್ರಿ, ಮೊದಲ ವರ್ಷದ ನರ್ಸಿಂಗ್ ಪೇಪರ್‌ಗಳಿಗೆ ವಿನಾಯಿತಿ ಕೊಡ್ತಾರೆ. ಆದ್ರೆ ಟೆಕ್ಸಾಸಲ್ಲಿ 12 ತಿಂಗಳು ನೆಲೆಸಿದ್ಮೇಲೇ ರೆಸಿಡೆಂಟ್ ಫೀಸು, ಅದಕ್ಕೆ ಮುಂಚೆ ಸೇರಿದ್ರೆ ಹೊರ ರಾಜ್ಯದವ್ರ ಫೀಸ್ ಕಟ್ಟಬೇಕು, ಹಂಗಾಗಿ ಒಂದು ವರ್ಷ ಸುಮ್ನೆ ಕಾದೆ. ಕಾದಿದ್ದು ಒಳ್ಳೇದೇ ಆಯ್ತು, ಅಷ್ಟರಲ್ಲಿ ಟ್ರಾನ್ಸ್‌ಕ್ರಿಪ್ಟ್ (ಕಾಲೇಜಿನ ಅಧಿಕೃತ ಅಂಕಪಟ್ಟಿ) ತರಿಸಿ ಯಾವ ಪೇಪರ್ ಲೆಕ್ಕಕ್ಕೆ ಬರತ್ತೆ ಅಂತ ನೋಡಿಸ್ದೆ. ಮೈಕ್ರೋಬಯಾಲಜಿ ಹಳೇದಾಯ್ತು, ಅವ್ರಿಗೆ ಸೈನ್ಸ್ ಪೇಪರ್‌ಗಳು ಐದು ವರ್ಷದೊಳಗಿನದ್ದೇ ಆಗಬೇಕಂತೆ. 2023ರ ಕೊನೇಲಿ ನನಗಿಂತ ತುಂಬಾ ಚಿಕ್ಕ ಹುಡುಗರ ಜೊತೆ ಕೂತು ಮತ್ತೆ ಗ್ರಾಮ್ ಸ್ಟೇನ್ (ಬ್ಯಾಕ್ಟೀರಿಯಾ ಗುರುತಿಸೋಕೆ ಬಣ್ಣ ಹಾಕೋದು) ಮಾಡಿದೆ, ನೇರಳೆ ಬಣ್ಣ ಬೆರಳಿಂದ ಎರಡು ದಿನ ಹೋಗಲಿಲ್ಲ. ಶಾರ್ಟ್‌ಕಟ್ಟಲ್ಲಿ ಬಿಟ್ಟಿದ್ದ ಇಂಗ್ಲಿಷ್ ಪ್ರಬಂಧ, ಸೈಕಾಲಜಿ, ಸ್ಪೀಚ್ ಎಲ್ಲ ಸಾಲಾಗಿ ಬಂದು ಎದುರು ನಿಂತ್ವು, ಬಡ್ಡಿ ಸಮೇತ.

2024ರ ಬೇಸಿಗೇಲಿ ಟ್ರಾನ್ಸಿಷನ್ ಸೇರ್ಕೊಂಡೆ. ಸ್ಕಿಲ್ಸ್ ಲ್ಯಾಬಲ್ಲಿ ಗೊಂಬೆಗೆ ಕ್ಯಾಥೆಟರ್ ಹಾಕಿ ತೋರಿಸಬೇಕು, ಏಳು ವರ್ಷದಲ್ಲಿ ಎಷ್ಟು ಜನಕ್ಕೆ ಹಾಕಿದೀನೋ ಲೆಕ್ಕ ಇಲ್ಲ, ಮೊದಲ ಸಲ ಫೇಲು! ಸ್ಟೆರೈಲ್ ಗ್ಲೌಸ್ ಹಾಕಿದ ಕೈ ಸೊಂಟಕ್ಕಿಂತ ಕೆಳಗೆ ಇಳಿಸ್ಬಿಟ್ಟಿದ್ದೆ. ಟೀಚರ್ ಹೇಳಿದ್ದು ಸರಿನೇ, ಕೆಲಸ ಮಾಡ್ತಾ ಮಾಡ್ತಾ ಕೈ ಸೋಮಾರಿ ಆಗಿರತ್ತೆ. ನಾನು ಕ್ಯಾಲಿಫೋರ್ನಿಯಾದಲ್ಲಿ ಆರ್‌ಎನ್ ಅಂತ ಕ್ಲಾಸಲ್ಲಿ ಯಾರಿಗೂ ಹೇಳಿರಲಿಲ್ಲ, ಹೇಳಿದ್ರೆ ಒಂದೊಂದ್ಸಲಕ್ಕೂ ಈ ಕಥೆ ಪೂರ್ತಿ ಬಿಚ್ಚಬೇಕು.

ಕಾಲೇಜು ಸೇರೋಕೆ ಮುಂಚೆನೇ ಒಂದು ಕೆಲಸ ಮಾಡಿದ್ದೆ, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಟೆಕ್ಸಾಸ್ ಬೋರ್ಡ್‌ಗೆ ಈಮೇಲ್ ಬರೆದು ನನ್ನ ಪರಿಸ್ಥಿತಿನ ಇದ್ದದ್ದು ಇದ್ದಂಗೆ ಹೇಳ್ದೆ: ಎನ್‌ಕ್ಲೆಕ್ಸ್ ಆರ್‌ಎನ್ 2015ರಲ್ಲೇ ಪಾಸು, ಡಿಗ್ರಿ ಈಗ ಮಾಡ್ತೀನಿ, ಮುಗಿದ್ಮೇಲೆ ಎಂಡಾರ್ಸ್‌ಮೆಂಟ್ ಹಾಕಬೇಕಾ ಇಲ್ಲಾ ಪರೀಕ್ಷೆ ಮತ್ತೆ ಬರೀಬೇಕಾ ಅಂತ. ಫೋನಲ್ಲಿ ಕೇಳಿದಾಗ ಒಬ್ಬೊಬ್ರು ಒಂದೊಂದು ಹೇಳಿದ್ರು, ಬರವಣಿಗೇಲಿ ಬಂದ ಉತ್ತರ ಮಾತ್ರ ನಿಂತ್ಕೊಳ್ತು. ಎಂಡಾರ್ಸ್‌ಮೆಂಟೇ, ಡಿಗ್ರಿ ಕೊಟ್ಟ ದಿನಾಂಕ ಇರೋ ಟ್ರಾನ್ಸ್‌ಕ್ರಿಪ್ಟನ್ನ ಕಾಲೇಜೇ ನೇರವಾಗಿ ಕಳಿಸಬೇಕು, ಕ್ಯಾಲಿಫೋರ್ನಿಯಾ ಆರ್‌ಎನ್ ಲೈಸೆನ್ಸ್ ಚಾಲ್ತಿಯಲ್ಲಿ ಇರಬೇಕು ಅಂತ ಬಂತು. ಆ ಈಮೇಲ್ ಪ್ರಿಂಟ್ ತೆಗೆದು ಫೈಲಿಗೆ ಹಾಕಿಟ್ಟೆ, ಅರ್ಜಿ ಜೊತೆನೂ ಲಗತ್ತಿಸ್ದೆ.

2025ರ ಮೇನಲ್ಲಿ ಗ್ರಾಜುಯೇಟ್ ಆದೆ. ಈ ಸಲ ವೆರಿಫಿಕೇಷನ್‌ನ ಸರಿಯಾದ ಬೋರ್ಡಿಂದನೇ ಕೇಳ್ದೆ ಬಿಡಿ. ಕ್ಯಾಲಿಫೋರ್ನಿಯಾದಿಂದ ಬರೋ ಮಾಹಿತಿಯಲ್ಲಿ ಈಗಲೂ ನಾನ್ ಗ್ರಾಜುಯೇಟ್ ಅಂತಲೇ ಇತ್ತು, ಅದಕ್ಕೆ ಕವರಿಂಗ್ ಲೆಟರಲ್ಲಿ ಮೊದಲ ಸಾಲಲ್ಲೇ, ಹಳೇ ದಾಖಲೆ ಹೀಗಿದೆ, ಅದಾದ್ಮೇಲೆ ಈ ದಿನಾಂಕಕ್ಕೆ ಡಿಗ್ರಿ ಆಗಿದೆ, ಟ್ರಾನ್ಸ್‌ಕ್ರಿಪ್ಟ್ ಬೇರೆ ಬರ್ತಿದೆ ಅಂತ ಬರೆದೆ. ಮುಚ್ಚಿಡೋಕೆ ಹೋದ್ರೆ ಅನುಮಾನ ಜಾಸ್ತಿ. ಒಂದ್ಸಲ ಫೈಲ್ ಇನ್‌ಕಂಪ್ಲೀಟ್ ಅಂತ ಬಂತು, ನೋಡಿದ್ರೆ ಕಾಲೇಜು ಕಳಿಸಿದ ಟ್ರಾನ್ಸ್‌ಕ್ರಿಪ್ಟಲ್ಲಿ ಮಾರ್ಕ್ಸ್ ಇತ್ತು, ಡಿಗ್ರಿ ದಿನಾಂಕ ಇನ್ನೂ ಏರಿಸಿರಲಿಲ್ಲ. ಮತ್ತದೇ ಖಾನೆ! ಎರಡು ವಾರ ಬಿಟ್ಟು ಇನ್ನೊಂದು ಕಳಿಸಿದ್ರು, ಜುಲೈನಲ್ಲಿ ಆರ್‌ಎನ್ ಲೈಸೆನ್ಸ್ ಬಂತು, ಮಲ್ಟಿಸ್ಟೇಟು.

ಮೊನ್ನೆ ಕ್ಯಾಲಿಫೋರ್ನಿಯಾದಿಂದ ಪರಿಚಯದ ಹುಡುಗಿ ಒಬ್ಳು ಫೋನ್ ಮಾಡಿದ್ಲು, ಎಲ್‌ವಿಎನ್ ಅವ್ಳು. "ಅಕ್ಕಾ, 30 ಯೂನಿಟ್ ತಗೊಂಡ್ರೆ ಬೇಗ ಮುಗಿಯತ್ತೆ, ತಗೊಳ್ಳಾ?" ಅಂದ್ಲು. ಬೇಡ ಅಂತ ಒಂದೇ ಏಟಿಗೆ ಹೇಳೋಕೆ ಆಗಲಿಲ್ಲ ನಂಗೆ, ಆ ಏಳು ವರ್ಷದ ಸಂಬಳದಲ್ಲೇ ಅಲ್ವಾ ಮನೆ ನಡೆದಿದ್ದು. ನಿನ್ನ ಗಂಡನ ಕೆಲಸ ಎಂಥದ್ದು, ಕಂಪನಿ ಎಲ್ಲೆಲ್ಲಿ ಬ್ರ್ಯಾಂಚ್ ಇಟ್ಟಿದೆ ಅಂತ ಕೇಳ್ದೆ. ಅದಕ್ಕೂ ಇದಕ್ಕೂ ಏನಕ್ಕಾ ಸಂಬಂಧ ಅಂದ್ಲು. ಕೂತ್ಕೋ, ಫೋನ್ ಚಾರ್ಜಿಗೆ ಹಾಕ್ಕೋ ಅಂದು ಶುರು ಮಾಡ್ದೆ.