ವಿಡಿಯೊ ನೋಡಿಯೇ ಚಿಪ್ ಲೆವೆಲ್ ಕಲಿತೆ: ನನ್ನ ಅನುಭವ

ಲ್ಯಾಪ್‌ಟಾಪ್ ಬೋರ್ಡಿನ ಒಂದೊಂದೇ ಬಿಡಿಭಾಗ ಪರೀಕ್ಷಿಸಿ ಸರಿಮಾಡುವ ಚಿಪ್ ಲೆವೆಲ್ ರಿಪೇರಿ ವಿಡಿಯೊ ನೋಡಿ ಬರುವ ಕೆಲಸ ಅಲ್ಲ ಅಂತ ನನಗೆ ಹೇಳದವರೇ ಇಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನಾನು ಪಾರ್ಟ್ಸ್ ತರುವ ಅಂಗಡಿಯವರಂತೂ "ಯಾರದಾದ್ರೂ ಟೇಬಲ್ ಮುಂದೆ ಎರಡು ವರ್ಷ ಕೂತ್ಕೊಳ್ಳಿ, ಆಮೇಲೆ ಐಸಿ ಕೇಳೋಕೆ ಬನ್ನಿ" ಅಂದಿದ್ದರು. ಐಸಿ ಅಂದರೆ ಬೋರ್ಡಿನ ಮೇಲಿನ ಚಿಪ್. ಈಗ ಸಾಗರದ ನನ್ನ ಅಂಗಡಿಗೆ ಬರುವ ಡೆಡ್ ಬೋರ್ಡುಗಳಲ್ಲಿ ಹತ್ತಕ್ಕೆ ಆರೇಳು ಇಲ್ಲೇ ಆನ್ ಆಗುತ್ತವೆ. ಮೊದಲು ಎಲ್ಲವನ್ನೂ ಬೆಂಗಳೂರಿಗೆ ಕೊರಿಯರ್ ಮಾಡುತ್ತಿದ್ದೆ. ಲಾಭ ಅವರಿಗೆ, ಗಿರಾಕಿಯ ಬೈಗುಳ ನನಗೆ.

ಓಎಸ್ ಹಾಕುವುದು, ಎಸ್‌ಎಸ್‌ಡಿ, ಹಿಂಜ್, ಕೀಬೋರ್ಡ್ ಬದಲಿಸುವುದು ನಿಮಗೆಲ್ಲ ಗೊತ್ತಿದ್ದದ್ದೇ. ಅದಕ್ಕೆ ವಿಡಿಯೊ ಒಮ್ಮೆ ನೋಡಿದರೆ ಸಾಕು, ಯಾವ ಸ್ಕ್ರೂ ಎಲ್ಲಿ ಅಡಗಿದೆ ಅಂತ ಗೊತ್ತಾದರೆ ಮುಗೀತು. ಚಿಪ್ ಲೆವೆಲ್ ಹಾಗಲ್ಲ. ಸುಮಾರು ಒಂದು ವರ್ಷ ರಾತ್ರಿಯೆಲ್ಲ ನೋಡಿದ್ದೇ ನೋಡಿದ್ದು. ನ್ಯೂಯಾರ್ಕಿನ ಅಂಗಡಿಯಲ್ಲಿ ಕೂತು ಲೂಯಿಸ್ ರಾಸ್‌ಮನ್ ಮ್ಯಾಕ್‌ಬುಕ್ ಬೋರ್ಡು ಸರಿಮಾಡುತ್ತಿದ್ದ ವಿಡಿಯೊಗಳು, ಹಿಂದಿಯವರ ಪಾಠಗಳು, ಏನನ್ನೂ ಬಿಡಲಿಲ್ಲ. ನೋಡುವಾಗ ಎಲ್ಲ ಅರ್ಥವಾಗುತ್ತಿತ್ತು. ಬೆಳಿಗ್ಗೆ ಮೀಟರ್ ಹಿಡಿದರೆ ಮೊದಲ ಪ್ರೋಬ್ (ಮೀಟರಿನ ಕಡ್ಡಿ) ಎಲ್ಲಿಡಬೇಕು ಅನ್ನುವುದೇ ಹೊಳೆಯುತ್ತಿರಲಿಲ್ಲ.

ಆ ವರ್ಷ ದುಡ್ಡೂ ಚೆನ್ನಾಗಿಯೇ ಹೋಯಿತು. ಬಿಸಿಗಾಳಿಯಿಂದ ಚಿಪ್ ಎತ್ತುವ ಮೂರು ಸಾವಿರ ಚಿಲ್ಲರೆಯ ಹಾಟ್ ಏರ್ ಸ್ಟೇಷನ್, ಹತ್ತು ಹನ್ನೆರಡು ಸಾವಿರದ ಮೈಕ್ರೋಸ್ಕೋಪ್, ಡಿಸಿ ಪವರ್ ಸಪ್ಲೈ, ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸ್ ನಾಲ್ಕೈದು ಥರದ್ದು. ಒಟ್ಟು ಮೂವತ್ತು ಸಾವಿರದ ಹತ್ತಿರ. ಬೆಂಗಳೂರಿನ ಒಂದು ಕೋರ್ಸಿಗೆ ಫೀಸು ಕೇಳಿದಾಗ, ರೂಮು ಊಟ ಬಿಟ್ಟು ನಲವತ್ತು ಅಂದಿದ್ದರು. ಅದಕ್ಕೇ ಹಠ ಹಿಡಿದೆ.

ದಾರಿ ಸಿಕ್ಕಿದ್ದು ಬೇರೆಯದೇ ಕಡೆಯಿಂದ. ಅಂಗಡಿಯ ಹುಡುಗನಿಗೆ ಲಿಬ್ರೆಆಫೀಸಿನ ಕ್ಯಾಲ್ಕ್ (ಎಕ್ಸೆಲ್ ಥರದ್ದು) ಕಲಿಸಬೇಕಿತ್ತು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಹಾಕಿಕೊಟ್ಟೆ. ಲಿಬ್ರೆಆಫೀಸಿನ ಪಾಠಗಳು ಕನ್ನಡದಲ್ಲೂ ಇವೆ, ಒಂದೊಂದು ಹತ್ತು ನಿಮಿಷದ ಆಸುಪಾಸು. ಅರ್ಧ ಪರದೆಯಲ್ಲಿ ವಿಡಿಯೊ, ಇನ್ನರ್ಧದಲ್ಲಿ ಸಾಫ್ಟ್‌ವೇರ್. ಅವರು ಮಾಡಿದ್ದನ್ನು ನಿಲ್ಲಿಸಿ ನೀವೂ ಮಾಡಬೇಕು, ಆಮೇಲೆ ಮುಂದೆ. ಹುಡುಗ ಒಂದೇ ವಾರದಲ್ಲಿ ಸ್ಟಾಕ್ ಶೀಟ್ ಮಾಡಿ ತೋರಿಸಿದ. ನಾನು ಅಷ್ಟು ದಿನ ನಿಲ್ಲಿಸದೆ ನೋಡುತ್ತಲೇ ಇದ್ದೆ ಅಲ್ವಾ!

ಬೋರ್ಡಿಗೆ ಇದನ್ನು ಸ್ವಲ್ಪ ತಿರುಗಿಸಿಕೊಂಡೆ. ವಿಡಿಯೊದಲ್ಲಿ ಲಕ್ಷಣ ಹೇಳಿ ಮೊದಲ ರೀಡಿಂಗ್ ತೋರಿಸಿದ ತಕ್ಷಣ ಪಾಜ್. ಯಾವ ಪಾರ್ಟ್ ಮೇಲೆ ಅನುಮಾನ, ಮುಂದಿನ ಪ್ರೋಬ್ ಎಲ್ಲಿ, ಎಷ್ಟು ವೋಲ್ಟ್ ಬರಬೇಕು, ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದ ಮೇಲೆಯೇ ಪ್ಲೇ. ಮೊದಮೊದಲು ನನ್ನ ಊಹೆ ಹತ್ತಕ್ಕೆ ಎರಡು ಸರಿ ಇದ್ದರೆ ಹೆಚ್ಚು. ಆದರೆ ನೋಟ್‌ಬುಕ್ ತುಂಬುತ್ತಾ ಬಂದಂತೆ ಒಂದು ವಿಷಯ ಕಂಡಿತು: ಚಾರ್ಜರಿನಿಂದ ಬರುವ 19 ವೋಲ್ಟ್ ಲೈನು ಗ್ರೌಂಡಿಗೆ ಶಾರ್ಟ್ ಆಗಿದ್ದರೆ ನಾನು ಹಿಡಿಯುತ್ತಿದ್ದೆ, 3 ವೋಲ್ಟ್ 5 ವೋಲ್ಟ್ ಬಂದ ಮೇಲೆ ಮುಂದಿನ ಭಾಗವನ್ನು ಆನ್ ಮಾಡುವ ಎನೇಬಲ್ ಸಿಗ್ನಲ್ ಎಲ್ಲಿ ನಿಂತಿದೆ ಅನ್ನುವುದರಲ್ಲಿ ಎಡವುತ್ತಿದ್ದೆ. ಅಲ್ಲಿಂದ ಮುಂದೆ ಪವರ್ ಸೀಕ್ವೆನ್ಸ್ (ಯಾವ ವೋಲ್ಟ್ ಆದಮೇಲೆ ಯಾವುದು ಬರಬೇಕು ಅನ್ನುವ ಕ್ರಮ) ವಿಡಿಯೊ ಮಾತ್ರ ನೋಡಿದೆ, ಉಳಿದದ್ದನ್ನೆಲ್ಲ ಬಿಟ್ಟೆ.

ಜೊತೆಗೆ ಸ್ಕ್ರಾಪ್ ಬೋರ್ಡು. ನೂರು ಇನ್ನೂರಕ್ಕೆ ಒಂದರಂತೆ ಚೀಲದಲ್ಲಿ ತಂದೆ. ಎಲ್ಲಿಂದ ಅಂತ ಕೇಳಬೇಡಿ, ಹೇಳಿದರೆ ನಾಳೆಯಿಂದ ನನಗೇ ಸಿಗುವುದಿಲ್ಲ. ಮೀಟರಿನ ಡಯೋಡ್ ಮೋಡಿನಲ್ಲಿ ಕೆಂಪು ಪ್ರೋಬ್ ಗ್ರೌಂಡಿಗಿಟ್ಟು, ಕಪ್ಪನ್ನು ಒಂದೊಂದೇ ಕಾಯಿಲ್ ಮೇಲಿಟ್ಟು ಒಳ್ಳೆ ಬೋರ್ಡಿನ ರೀಡಿಂಗನ್ನೆಲ್ಲ ಬರೆದಿಟ್ಟೆ. ಇವತ್ತಿಗೂ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಸಿಗದ ಮಾಡೆಲ್ ಬಂದರೆ ಆ ನೋಟ್‌ಬುಕ್ಕೇ ಗತಿ.

ಬಿಸಿಯ ವಿಷಯದಲ್ಲಿ ವಿಡಿಯೊಗಳನ್ನು ನಂಬಿದರೆ ಕೆಟ್ಟಿರಿ. ಅವರು 380 ಡಿಗ್ರಿ ಅಂತಾರೆ, ನಾವೂ 380 ಇಡುತ್ತೇವೆ. ಅವರ ಸ್ಟೇಷನ್ ಬೇರೆ, ನಳಿಗೆ ಬೇರೆ. ನಮ್ಮ ಅಗ್ಗದ ಯಂತ್ರದ ಡಿಸ್‌ಪ್ಲೇಗೂ ನಿಜವಾದ ಬಿಸಿಗೂ ಹೊಂದಾಣಿಕೆ ಇಲ್ಲ. ಮೇಲೆ ಫ್ಯಾನ್ ತಿರುಗುತ್ತಿರುತ್ತದೆ. ಮಳೆಗಾಲದ ಸಂಜೆ ವೋಲ್ಟೇಜ್ ಬಿದ್ದರಂತೂ ಮುಗೀತು. ಲೆಡ್ ಇಲ್ಲದ ಸೋಲ್ಡರ್ ಕರಗುವುದು 217 ಡಿಗ್ರಿಯ ಸುತ್ತ, 63/37 ಲೆಡ್ ಸೋಲ್ಡರ್ 183ಕ್ಕೇ. ಹಾಗಾಗಿ ಐಸಿ ಕಾಲುಗಳಿಗೆ ಮೊದಲು ಲೆಡ್ ಸೋಲ್ಡರ್ ಬೆರೆಸಿ ಆಮೇಲೆ ಎತ್ತುತ್ತೇನೆ. ನನ್ನ ಸ್ಟೇಷನ್ನಿನಲ್ಲಿ ನಂಬರ್ ಎಷ್ಟು ಅಂದರೆ ನಿಮಗೆ ಉಪಯೋಗವಿಲ್ಲ, ಸ್ಕ್ರಾಪ್ ಮೇಲೆ ನೀವೇ ಹುಡುಕಿಕೊಳ್ಳಿ.

ನಾಲ್ಕು ಕಾಸು ತಂದುಕೊಟ್ಟದ್ದು ಶಾರ್ಟ್ ಕೆಲಸ. ಲೈನ್ ಶಾರ್ಟ್ ಇದ್ದರೆ ಪವರ್ ಸಪ್ಲೈನಿಂದ 1 ವೋಲ್ಟ್ ಕೊಟ್ಟು ಬೋರ್ಡಿನ ಮೇಲೆ ಐಪಿಎ (ಬೇಗ ಆರುವ ಆಲ್ಕೋಹಾಲ್) ಸುರಿಯುತ್ತೇನೆ. ಎಲ್ಲಿ ಮೊದಲು ಆರುತ್ತದೋ ಅಲ್ಲೇ ಕಳ್ಳ. ಹೆಚ್ಚು ಸಲ ಒಂದು ಸೆರಾಮಿಕ್ ಕೆಪಾಸಿಟರ್. ಸ್ಕ್ರಾಪಿನಿಂದ ಇನ್ನೊಂದು ಕಿತ್ತು ಹಾಕಿದರೆ ಖರ್ಚು ಸೊನ್ನೆ, ಬಿಲ್ಲು ಸಾವಿರದೈನೂರು. ಕೆಲವು ವಿಡಿಯೊಗಳಲ್ಲಿ ನೇರ 19 ವೋಲ್ಟ್ ಕೊಡುತ್ತಾರೆ. ಬೇಡ. 19 ವೋಲ್ಟನ್ನು ಕತ್ತರಿಸಿ ಕೊಡುವ ಸ್ವಿಚ್ಚಾದ ಹೈ ಸೈಡ್ ಮಾಸ್‌ಫೆಟ್ ಶಾರ್ಟ್ ಆಗಿದ್ದರೆ ಅಷ್ಟೂ ವೋಲ್ಟ್ ಸಿಪಿಯುಗೇ ಹೋಗುತ್ತದೆ.

ನಡುವೆ ಬಯೋಸ್ (ಲ್ಯಾಪ್‌ಟಾಪ್ ಆನ್ ಆಗುವಾಗ ಮೊದಲು ಓಡುವ, ಚಿಪ್ಪಿನೊಳಗಿನ ಸಾಫ್ಟ್‌ವೇರ್) ಹುಚ್ಚೂ ಹತ್ತಿತ್ತು. ನಾನೂರು ರೂಪಾಯಿ ಒಳಗಿನ ಆ ಚಿಪ್ಪನ್ನು ಓದಿ ಬರೆಯುವ ಸಿಎಚ್341ಎ ಪ್ರೋಗ್ರಾಮರ್ ತಂದೆ. ವಿಡಿಯೊಗಳು ಅವಸರದಲ್ಲಿ ದಾಟಿಸುವ ಮಾತು ಒಂದಿದೆ: 1.8 ವೋಲ್ಟಿನ ಚಿಪ್ಪಿಗೆ ಅಡಾಪ್ಟರ್ ಬೇಕೇ ಬೇಕು. ವಿನ್‌ಬಾಂಡ್ 25ಕ್ಯೂ64 ಚಿಪ್ಪಿನ ಹೆಸರಲ್ಲಿ ಕೊನೆಗೆ ಎಫ್‌ವಿ ಇದ್ದರೆ 3.3 ವೋಲ್ಟಿಗೆ ನಡೆಯುತ್ತದೆ, ಎಫ್‌ಡಬ್ಲ್ಯೂ ಇದ್ದರೆ 1.8. ಹಳೆ ಫೈಲನ್ನು ಎರಡು ಸಲ ಓದಿಸಿ, ಎರಡೂ ಒಂದೇ ಇದ್ದರೆ ಮಾತ್ರ ಹೊಸದು ಬರೆಯುವುದು. ಸುಮ್ನೆ ಎಲ್ಲಿಂದಲೋ ಬಯೋಸಿನ ಬಿನ್ ಫೈಲ್ ಇಳಿಸಿ ಹಾಕಿದರೆ ಲ್ಯಾಪ್‌ಟಾಪ್ ಆನ್ ಆಗಬಹುದು, ಆದರೆ ಬೇರೆ ಯಾರದೋ ಸೀರಿಯಲ್ ನಂಬರ್ ಬಂದು ಕೂತಿರುತ್ತದೆ, ಗಿರಾಕಿಯ ವಿಂಡೋಸ್ ಕೀಯೂ ಹೋಗಿರುತ್ತದೆ.

ದೊಡ್ಡ ಚಿಪ್ ಎತ್ತಿ, ಅಡಿಯ ಸೋಲ್ಡರ್ ಗುಂಡುಗಳನ್ನು ಹೊಸದಾಗಿ ಕೂರಿಸುವ ರೀಬಾಲಿಂಗ್ ಮಾತ್ರ ವಿಡಿಯೊದಿಂದ ನನಗೆ ಹತ್ತಿಲ್ಲ. ಐದಾರು ಬೋರ್ಡ್ ಸುಟ್ಟಾಯಿತು, ಸ್ಟೆನ್ಸಿಲ್‌ಗೇ ಎರಡು ಸಾವಿರ ಹೋಯಿತು. ಗ್ರಾಫಿಕ್ಸ್ ಚಿಪ್ ಕೆಲಸವನ್ನು ಈಗಲೂ ಎಸ್.ಪಿ. ರೋಡಿನ ಅದೇ ಅಂಗಡಿಯವರ ಪರಿಚಯದವರಿಗೆ ಕಳಿಸುತ್ತೇನೆ. ಹೋದ ತಿಂಗಳು ಆ ರಿಪೇರಿಯವರೇ ಫೋನ್ ಮಾಡಿ ಒಂದು ಮಾಡೆಲ್‌ನ ಡಯೋಡ್ ರೀಡಿಂಗ್ ಇದೆಯಾ ಅಂತ ಕೇಳಿದರು. ಇತ್ತು, ಕಳಿಸಿದೆ. ಮುಂದಿನ ಪಾರ್ಸೆಲ್ಲಿನ ಕೊರಿಯರ್ ಖರ್ಚು ಅವರದೇ ಅಂತ ಮೊದಲೇ ಮಾತಾಡಿಕೊಂಡೆ.