ಭೀಮಪಲಾಸಿಗೆ ಗಿಟಾರ್ ಹೊಂದಿಸಿದ್ದು

ಧಾರವಾಡದಲ್ಲಿ ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆಯ (ಪರಂಪರೆಯ) ಖ್ಯಾಲ್ ಗಾಯನ ಕಲಿತವಳು ನಾನು. ಈಗ ಶಿಶುನಾಳ ಷರೀಫರ (1819–1889) ತತ್ವಪದಗಳಿಗೆ ಹೊಸ ಧಾಟಿ ಹಾಕಿ, ಗಿಟಾರ್, ಬೇಸ್, ಡ್ರಮ್ಸ್ ಜೊತೆ ಹಾಡುತ್ತೇನೆ. ಹೊಟ್ಟೆಪಾಡು ನಡೆಯುವುದು ಮಕ್ಕಳಿಗೆ ಪಾಠ ಹೇಳಿ, ಜಾಹೀರಾತಿಗೆ ಜಿಂಗಲ್ ಮಾಡಿ. ರಾಗ ಮತ್ತು ಕಾರ್ಡ್ (ಒಟ್ಟಿಗೆ ನುಡಿಸುವ ಮೂರ್ನಾಲ್ಕು ಸ್ವರ) ಹೇಗೆ ಕೂಡುತ್ತವೆ ಅಂತ ಕಲಿಯುವ ಹುಡುಗರು ಕೇಳುತ್ತಲೇ ಇರುತ್ತಾರೆ.

ಮೊದಲು ತಂಬೂರಿ ಮತ್ತು ಕಂಠ, ಅಷ್ಟೇ. ಪದ ಬಾಯಿಪಾಠ ಆಗುವವರೆಗೆ ಬೇರೆ ವಾದ್ಯದ ಮಾತೇ ಇಲ್ಲ.

ಇತ್ತೀಚೆಗೆ ಒಂದು ಪದವನ್ನು ಭೀಮಪಲಾಸಿ ರಾಗದಲ್ಲಿ ಕೂರಿಸಿದೆ. ಅದರಲ್ಲಿ ಗ, ನಿ ಕೋಮಲ, ಅಂದರೆ ಸ್ವಲ್ಪ ತಗ್ಗಿದ ಸ್ವರಗಳು. ಏರುವಾಗ ರಿಷಭ, ಧೈವತ ಬರುವುದಿಲ್ಲ. ಹುಬ್ಬಳ್ಳಿಯ ನಮ್ಮ ಗಿಟಾರ್ ಹುಡುಗ ಮಧ್ಯಮದ ಮೇಲೆ ಮೇಜರ್ ಕಾರ್ಡ್ ಹಿಡಿದ. ಅದರಲ್ಲಿ ಮ, ಧ, ಸ ಇರುತ್ತವೆ. ನಾನು 'ಮ ಪ ನಿ' ಅಂತ ಮೇಲೇರುವಾಗ ಕೆಳಗೆ ಧೈವತ ಕೇಳಿಸಿತು. ಥಟ್ಟನೆ ಬಾಗೇಶ್ರೀ ಅನ್ನುವ ಬೇರೆ ರಾಗದ ಛಾಯೆ ಬಂತು.

"ಅಕ್ಕಾ, ಥಿಯರಿ ಪ್ರಕಾರ ಸರಿ ಐತ್ರಿ."

"ಸರಿ ಐತೋ ತಮ್ಮಾ, ಆದ್ರ ರಾಗ ಬ್ಯಾರೆ ಆಗ್ತದಲ್ಲ."

ಕೊನೆಗೆ ಹೀಗೆ ಮಾಡಿದೆವು. ಏರುವಾಗ ಗಿಟಾರಿನಲ್ಲಿ ಬರೀ ಸ, ಪ. 'ಸ ನಿ ಧ ಪ' ಅಂತ ಇಳಿಯುವಾಗ ಮಾತ್ರ ಪೂರ್ತಿ ಕಾರ್ಡ್. ಗಿಟಾರಿನ ಪಂಚಮಕ್ಕೂ ತಂಬೂರಿಯ ಪಂಚಮಕ್ಕೂ ಸುಮಾರು 2 ಸೆಂಟ್ ವ್ಯತ್ಯಾಸ (ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್), ಕಿವಿಗೆ ಗೊತ್ತೇ ಆಗುವುದಿಲ್ಲ. ಗಾಂಧಾರದ ಕಥೆ ಹಾಗಲ್ಲ. ಅದನ್ನು ಮಧ್ಯಮದಿಂದ ಜಾರಿಸಿ ಮುಟ್ಟಬೇಕು, ಗಿಟಾರಿನ ಫ್ರೆಟ್ಟಿನ (ಕತ್ತಿನ ಮೇಲಿನ ಲೋಹದ ಪಟ್ಟಿಯ) ಸ್ವರ ಇದ್ದಲ್ಲೇ ನಿಲ್ಲುತ್ತದೆ. ಹಾಗಾಗಿ ಗಾಂಧಾರ ಪೂರಾ ಕಂಠದ್ದು. ಈ ಪದ ಕೇಳಿದವರು ಹೆಚ್ಚು ಮೆಚ್ಚಿದ್ದೂ ಅದನ್ನೇ.

ನಮ್ಮ ಘರಾಣೆಯ ಗಾಯಕರು, ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಇವರೆಲ್ಲ ಒಂದೊಂದೇ ಸ್ವರ ಹಿಡಿದು ರಾಗ ಬೆಳೆಸಿದವರು. ಆ ನಿಧಾನ ನನಗೆ ಬ್ಯಾಂಡಿನಲ್ಲೂ ಬೇಕು. ಮೊದಲ ಆಲಾಪಕ್ಕೆ ಬೇಸ್ ಷಡ್ಜ ಹಿಡಿದು ಸುಮ್ನೆ ನಿಲ್ಲುತ್ತದೆ, ಡ್ರಮ್ಸ್ ಕಾಯುತ್ತದೆ.

ಲಯದಲ್ಲಂತೂ ನಾನು ಹಟವಾದಿ. ನಮ್ಮ ಹಳ್ಳಿಯ ಭಜನೆ ಕೊನೆಗೆ ಬರುತ್ತಾ ಜೋರಾಗುತ್ತದೆ, ಅಲ್ವಾ? ಕಿವಿಯಲ್ಲಿ ಕ್ಲಿಕ್ (ಒಂದೇ ವೇಗಕ್ಕೆ ಟಿಕ್ ಟಿಕ್ ಅನ್ನುವ ಯಂತ್ರದ ಸದ್ದು) ಹಾಕಿಕೊಂಡರೆ ಆ ಹುರುಪು ಸತ್ತುಹೋಗುತ್ತದೆ. ಅದಕ್ಕೇ ಶಿಗ್ಗಾಂವಿ ಕಡೆಯ ಭಜನಾ ಮೇಳದವರ ಏಕತಾರಿ, ದಮ್ಮಡಿ, ತಾಳ ಮೊದಲು ರೆಕಾರ್ಡ್ ಆಗುತ್ತವೆ, ನನ್ನ ಕಂಠವೂ ಅವರ ಜೊತೆಗೇ. ಡ್ರಮ್ಮರ್ ಆಮೇಲೆ ಬಂದು ಅವರ ಓಟಕ್ಕೆ ಹೊಂದಿಕೊಳ್ಳುತ್ತಾನೆ. ಮೇಳದವರ ದುಡ್ಡನ್ನು ಅವತ್ತೇ ಕೊಟ್ಟು ಕಳಿಸುತ್ತೇನೆ, ಹಾಡು ಹೊರಬಂದಾಗ ಅವರ ಹೆಸರು ನನ್ನ ಹೆಸರಿನ ಪಕ್ಕದಲ್ಲೇ ಇರುತ್ತದೆ.